ಇನ್‌ಚಾರ್ಜ್ ಸಿಸ್ಟರ್ ಬೈತಾರೆ, ಏನು ಮಾಡಲಿ? ಹೊಸ ನರ್ಸ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಾರ್ಡಿಗೆ ಕಾಲಿಟ್ಟು ಹದಿಮೂರು ವರ್ಷವಾಯಿತು. ಮೊದಲ ಕೆಲಸ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಅಲ್ಲಿನ ಇನ್‌ಚಾರ್ಜ್, ಅಂದರೆ ವಾರ್ಡ್ ನೋಡಿಕೊಳ್ಳುವ ಹಿರಿಯ ನರ್ಸ್, ನನ್ನನ್ನು ಎಂಟು ತಿಂಗಳು ಹೆಸರು ಹಿಡಿದು ಕರೆಯಲೇ ಇಲ್ಲ. "ಏಯ್ ಫ್ರೆಷರ್" ಅಷ್ಟೇ. ಈಗ ನಾನೇ ಒಂದು ವಾರ್ಡಿನ ಇನ್‌ಚಾರ್ಜ್. ಹಾಗಾಗಿ ಈ ಕಡೆಯದೂ ಗೊತ್ತು, ಆ ಕಡೆಯದೂ ಗೊತ್ತು. ನಾನು ಓದಿದ ಕಾಲೇಜಿನ ಹುಡುಗಿಯರು, ಹುಡುಗರು ಕೆಲಸಕ್ಕೆ ಸೇರಿದ ಮೊದಲ ವರ್ಷ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೇ ಇಲ್ಲಿ ಬರೆದಿದ್ದೇನೆ.

ಬೈದರೆ ಅದೆಲ್ಲ ಅವಮಾನವೇ? ನಾನೇ ಜಾಸ್ತಿ ಮನಸ್ಸಿಗೆ ಹಚ್ಚಿಕೊಳ್ಳುತ್ತಿದ್ದೇನಾ?

ಎರಡೂ ಇರಬಹುದು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬೈಗುಳವನ್ನೂ ಒಮ್ಮೆ ಆರಿಸಿ ನೋಡಬೇಕು. ಒಂದು ಉದಾಹರಣೆ ಕೊಡುತ್ತೇನೆ.

ನಮ್ಮಲ್ಲಿ ಇನ್ಸುಲಿನ್ ವಯಲ್ (ಔಷಧಿಯ ಪುಟ್ಟ ಬಾಟಲಿ) ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ನದು. 100 ಯೂನಿಟ್‌ನದೂ ಇದೆ. ಸಿರಿಂಜ್ ಕೂಡ ಎರಡು ಥರ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ನಾನು ಸೇರಿದ ಮೂರನೇ ವಾರ 40ರ ವಯಲ್‌ನಿಂದ 100ರ ಸಿರಿಂಜ್‌ನಲ್ಲಿ ಹತ್ತರ ಗೆರೆವರೆಗೆ ಎಳೆದುಕೊಂಡು ಹೊರಟಿದ್ದೆ. ಕೊಟ್ಟಿದ್ದರೆ ರೋಗಿಗೆ ಹತ್ತರ ಬದಲು ನಾಲ್ಕೇ ಯೂನಿಟ್ ಹೋಗುತ್ತಿತ್ತು. ಇದೇ ತಲೆಕೆಳಗಾಗಿ, 100ರ ಔಷಧಿಯನ್ನು 40ರ ಸಿರಿಂಜ್‌ನಲ್ಲಿ ಎಳೆದಿದ್ದರೆ ಇಪ್ಪತ್ತೈದು ಯೂನಿಟ್ ಹೋಗಿ ಸಕ್ಕರೆ ಪಾತಾಳಕ್ಕೆ ಇಳಿಯುತ್ತಿತ್ತು.

ಇನ್‌ಚಾರ್ಜ್ ನನ್ನ ಕೈ ಹಿಡಿದು ನಿಲ್ಲಿಸಿದರು. "ನಿಲ್ಲು! ಮುಚ್ಚಳದ ಬಣ್ಣ ನೋಡಿದೀಯಾ?" ಅಂತ ಕಿರುಚಿದರು. ಆ ಕಿರುಚಾಟ ನ್ಯಾಯವಾದದ್ದು. ನಾನೂ ಇವತ್ತು ಹಾಗೇ ಕಿರುಚುತ್ತೇನೆ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. "ನಿಮ್ಮಂಥ ಹಳ್ಳಿ ಕಾಲೇಜಿನವರನ್ನೆಲ್ಲ ಯಾರು ಸೇರಿಸಿಕೊಳ್ಳುತ್ತಾರೋ, ದನ ಕಾಯೋಕೆ ಹೋಗಬೇಕಿತ್ತು" ಎಂದರು. ಪಕ್ಕದ ಬೆಡ್‌ನವರ ಮನೆಯವರೆಲ್ಲ ಕೇಳಿಸಿಕೊಂಡರು. ಸಿರಿಂಜ್‌ನ ಮಾತು ಅಕ್ಕಿ, ದನದ ಮಾತು ಕಲ್ಲು. ಮೊದಲನೆಯದನ್ನು ನಾನು ಇವತ್ತಿನವರೆಗೂ ಮರೆತಿಲ್ಲ, ಅದರಿಂದ ಎಷ್ಟೋ ಜನಕ್ಕೆ ಒಳ್ಳೆಯದಾಗಿದೆ. ಎರಡನೆಯದರಿಂದ ಯಾರಿಗೂ ಏನೂ ಕಲಿಸಿದ ಹಾಗಾಗಲಿಲ್ಲ.

ಮನೆಗೆ ಹೋದ ಮೇಲೆ ಹೀಗೆ ಕೇಳಿಕೊಳ್ಳಿ: ಅವರು ಬೈದದ್ದು ನಾನು ಮಾಡಿದ ಕೆಲಸವನ್ನೋ, ನನ್ನನ್ನೋ? ಕೆಲಸವನ್ನಾದರೆ ಧ್ವನಿ ಎಷ್ಟೇ ಜೋರಿದ್ದರೂ ತೆಗೆದುಕೊಳ್ಳಿ. ನಿಮ್ಮ ಊರು, ಬಣ್ಣ, ಜಾತಿ, ಕಾಲೇಜು, ಅಪ್ಪ ಅಮ್ಮ ಬಂದರೆ ಅದು ಪಾಠವಲ್ಲ.

"ನಮ್ಮ ಕಾಲದಲ್ಲಿ ಇನ್ನೂ ಜಾಸ್ತಿ ಇತ್ತು" ಅಂತಾರಲ್ಲ, ಇದೆಲ್ಲ ಸಹಜವೇ?

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಅದೇ ಕಥೆ. ಸೊಸೆಯಾಗಿದ್ದಾಗ ಅನುಭವಿಸಿದ್ದನ್ನು ಅತ್ತೆಯಾದ ಮೇಲೆ ತೀರಿಸಿಕೊಳ್ಳುವುದು. ಎಲ್ಲ ಕಡೆ ಇದೆ, ನಿಜ. ಆದರೆ ಎಲ್ಲ ಕಡೆ ಇದೆ ಅಂದಮಾತ್ರಕ್ಕೆ ಸರಿ ಅಂತ ಆಗುವುದಿಲ್ಲ.

ಇನ್ನೊಂದು ವಿಷಯ. ಮೊದಲ ವರ್ಷ ಒಳ್ಳೆಯ ಇನ್‌ಚಾರ್ಜ್ ಸಿಕ್ಕರೂ ಕಷ್ಟವಾಗಿಯೇ ಇರುತ್ತದೆ. ಕಾಲೇಜಿನಲ್ಲಿ ಒಬ್ಬ ರೋಗಿಗೆ ಕೇರ್ ಪ್ಲಾನ್ ಬರೆಯಲು ಇಡೀ ದಿನ ಕೊಟ್ಟಿರುತ್ತಾರೆ. ವಾರ್ಡಿನಲ್ಲಿ ಹತ್ತು ಹನ್ನೆರಡು ರೋಗಿ ಒಟ್ಟಿಗೇ ಕೈಗೆ ಬರುತ್ತಾರೆ. ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಲೀನ್ ಕ್ರೇಮರ್ 1974ರಲ್ಲೇ ಇದನ್ನು "ರಿಯಾಲಿಟಿ ಶಾಕ್" ಎಂದು ಕರೆದರು. ಹಾಗಾಗಿ ನಿಮ್ಮ ಸಂಕಟವನ್ನೆಲ್ಲ ಇನ್‌ಚಾರ್ಜ್ ತಲೆಗೆ ಕಟ್ಟಬೇಡಿ. ಸ್ವಲ್ಪ ಈ ಕೆಲಸದ್ದೇ.

ರೋಗಿಯ ಮುಂದೆಯೇ ಬೈದರೆ ಆಗ ಏನು ಹೇಳಬೇಕು?

ಮೊದಲು ಕೈಯಲ್ಲಿರುವ ಕೆಲಸ ಸರಿಮಾಡಿ. ಡ್ರಿಪ್ ನಿಂತಿದ್ದರೆ ಡ್ರಿಪ್ ನೋಡಿ. ಆಮೇಲೆ ಒಂದೇ ಮಾತು: "ತಪ್ಪಾಯಿತು ಮೇಡಂ, ಈಗಲೇ ಸರಿ ಮಾಡುತ್ತೇನೆ. ಉಳಿದದ್ದನ್ನು ನರ್ಸಿಂಗ್ ಸ್ಟೇಷನ್‌ನಲ್ಲಿ ಹೇಳಿ, ಬರುತ್ತೇನೆ." ಅಷ್ಟು ಸಾಕು. ಇದರಲ್ಲಿ ಎದುರುತ್ತರವೂ ಇಲ್ಲ, ತಲೆ ತಗ್ಗಿಸಿ ನಿಂತದ್ದೂ ಇಲ್ಲ.

ತಪ್ಪು ನಿಮ್ಮದಲ್ಲದಿದ್ದರೆ? ಆಗಲೂ ಬೆಡ್ ಪಕ್ಕ ವಾದ ಬೇಡ. "ಮೇಡಂ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ" ಅನ್ನಿ. ಇಬ್ಬರು ನರ್ಸ್‌ಗಳು ಕಿತ್ತಾಡುವುದನ್ನು ನೋಡಿದ ರೋಗಿಗೆ ಇಬ್ಬರ ಮೇಲೂ ನಂಬಿಕೆ ಹೋಗುತ್ತದೆ. ಆಮೇಲೆ ನೀವು ಇಂಜೆಕ್ಷನ್ ಹಿಡಿದು ಹೋದರೆ "ಬೇರೆ ಸಿಸ್ಟರ್ ಕರೀರಿ" ಅಂತಾರೆ.

ಈ ವಾಕ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ನಗಬೇಡಿ. ಆ ಗಳಿಗೆಯಲ್ಲಿ ಗಂಟಲು ಕಟ್ಟಿದಾಗ ಹೊಸದಾಗಿ ಮಾತು ಹೊಳೆಯುವುದಿಲ್ಲ, ಬಾಯಿಪಾಠ ಆಗಿದ್ದೇ ಹೊರಗೆ ಬರುವುದು.

ನನಗೆ ತಕ್ಷಣ ಅಳು ಬಂದುಬಿಡುತ್ತದೆ.

ಬರಲಿ ಬಿಡಿ. ನಾನು ಅತ್ತದ್ದೆಲ್ಲ ಲಿನನ್ ರೂಮಿನಲ್ಲಿ, ಬೆಡ್‌ಶೀಟ್‌ಗಳ ಮಧ್ಯೆ. ಹೋಗುವ ಮುಂಚೆ ಪಕ್ಕದ ಸಿಸ್ಟರ್‌ಗೆ "ಐದು ನಿಮಿಷ ನನ್ನ ರೋಗಿಗಳನ್ನು ನೋಡಿಕೊಳ್ಳಿ" ಅಂತ ಹೇಳಿ ಹೋಗಿ. ಅಳುತ್ತಾ ಔಷಧಿ ಮಾತ್ರ ಲೋಡ್ ಮಾಡಬೇಡಿ.

ಇನ್‌ಚಾರ್ಜ್ ಯಾಕೆ ಹೀಗೆ ಆಡುತ್ತಾರೆ?

ಇದು ಅವರ ಪರ ವಕಾಲತ್ತು ಅಲ್ಲ. ನಾನು ಆ ಕುರ್ಚಿಯಲ್ಲಿ ಕೂತ ಮೇಲೆ ಕಂಡದ್ದು. ಬೆಳಿಗ್ಗೆ ಏಳೂವರೆಗೆ ಇಬ್ಬರು ರಜೆ ಅಂತ ಮೆಸೇಜ್ ಹಾಕಿರುತ್ತಾರೆ. ಡಿಸ್ಚಾರ್ಜ್ ತಡವಾಯಿತು ಅಂತ ಬಿಲ್ಲಿಂಗ್‌ನವರ ಫೋನ್. ಮುಂದಿನ ವಾರ ಆಸ್ಪತ್ರೆಯ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನವರ ಆಡಿಟ್. ರೌಂಡ್ಸ್‌ನಲ್ಲಿ ದೊಡ್ಡ ಡಾಕ್ಟರು ಎಲ್ಲರೆದುರು ಅವರಿಗೇ ಉಗಿದಿರುತ್ತಾರೆ. ಆ ಉಗಿತ ಮೆಟ್ಟಿಲಿಳಿದು ಕೊನೆಗೆ ಬಂದು ನಿಲ್ಲುವುದು ಹೊಸಬರ ಹತ್ತಿರ. ಇದು ಗೊತ್ತಿದ್ದರೆ ಒಂದು ಉಪಯೋಗ ಇದೆ: ದಿನವೂ ಎಷ್ಟು ಹೊತ್ತಿಗೆ ಬಿಸಿ ಏರುತ್ತದೆ ಅಂತ ತಿಳಿಯುತ್ತದೆ. ಆ ಹೊತ್ತಿನಲ್ಲಿ ರಜೆ ಕೇಳಲು ಹೋಗಬೇಡಿ.

ಕೆಲವರು ಮಾತ್ರ ಕೆಲಸದ ಒತ್ತಡ ಇಲ್ಲದಿದ್ದರೂ ಹಾಗೇ ಇರುತ್ತಾರೆ. ಒಬ್ಬರನ್ನೇ ಗುರಿ ಮಾಡುತ್ತಾರೆ. ಕೂತರೆ ತಪ್ಪು, ನಿಂತರೆ ತಪ್ಪು. ಅಲ್ಲಿ ಹೊತ್ತು ನೋಡಿ ಪ್ರಯೋಜನವಿಲ್ಲ, ಕೆಳಗಿನ ಪ್ರಶ್ನೆಗಳಿಗೆ ಹೋಗಿ.

ಅವರ ಹತ್ತಿರ ನೇರವಾಗಿ ಮಾತಾಡಬೇಕು ಅಂತಿದ್ದೇನೆ. ಹೇಗೆ?

ಒಳ್ಳೆಯ ಯೋಚನೆ. ಹೆಚ್ಚಿನವರು ಇದನ್ನು ಮಾಡದೆ ಸೀದಾ ಮೇಲಿನವರ ಹತ್ತಿರ ಹೋಗುತ್ತಾರೆ. ಅಲ್ಲಿ ಕೇಳುವ ಮೊದಲ ಪ್ರಶ್ನೆಯೇ "ಅವರ ಹತ್ತಿರ ಹೇಳಿದ್ರಾ?"

ಶಿಫ್ಟ್ ಬದಲಾಗುವಾಗ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್ ಹೊತ್ತು ಬೇಡ, ರೌಂಡ್ಸ್ ಮುಂಚೆ ಬೇಡ. ಮಧ್ಯಾಹ್ನ ಊಟ ಆದ ಮೇಲೆ "ಮೇಡಂ, ಐದು ನಿಮಿಷ ಬೇಕಿತ್ತು, ಒಬ್ಬರೇ ಸಿಕ್ಕಾಗ" ಅಂತ ಕೇಳಿ. ಹೋದಾಗ ಒಂದೇ ಘಟನೆ ಹೇಳಿ. ಆರು ತಿಂಗಳ ಪಟ್ಟಿ ಬಿಚ್ಚಬೇಡಿ. ಹೀಗೆ:

"ಮೇಡಂ, ಮಂಗಳವಾರ ಕ್ಯಾನುಲಾ ವಿಷಯದಲ್ಲಿ ನೀವು ಹೇಳಿದ್ದು ಸರಿ ಇತ್ತು. ಈಗ ಹಾಗೇ ಮಾಡ್ತಿದ್ದೀನಿ. ಆದರೆ ರೋಗಿಯ ಮನೆಯವರ ಮುಂದೆ ‘ತಲೆ ಇಲ್ಲದವಳು’ ಅಂದ್ರಿ. ಆಮೇಲೆ ಆ ರೋಗಿ ನನ್ನ ಕೈಲಿ ಇಂಜೆಕ್ಷನ್ ತಗೊಳ್ಳಲಿಲ್ಲ. ಇನ್ನು ಮುಂದೆ ನನ್ನ ತಪ್ಪನ್ನು ಒಳಗೆ ಕರೆದು ಹೇಳಿ ಮೇಡಂ."

ಮೊದಲು ಅವರು ಸರಿಯಿದ್ದದ್ದನ್ನು ಒಪ್ಪಿಕೊಂಡಿರಿ. ಅವರಾಡಿದ ಮಾತನ್ನು ಅವರದೇ ಪದದಲ್ಲಿ ಹೇಳಿದಿರಿ. ಕೆಲಸಕ್ಕೆ ಏನು ತೊಂದರೆಯಾಯಿತು ಅಂದಿರಿ. ಒಂದೇ ಒಂದು ಬೇಡಿಕೆ ಇಟ್ಟಿರಿ. "ನನಗೆ ಬೇಜಾರಾಯಿತು" ಅಂದರೆ ಕೆಲವರು ನಕ್ಕುಬಿಡುತ್ತಾರೆ. "ರೋಗಿ ಇಂಜೆಕ್ಷನ್ ತಗೊಳ್ಳಲಿಲ್ಲ" ಅಂದರೆ ನಗಲಾಗುವುದಿಲ್ಲ.

ಅವರು "ಓಹೋ, ಈಗ ನನಗೇ ಪಾಠ ಹೇಳ್ತೀಯಾ?" ಅನ್ನಬಹುದು. "ಇಲ್ಲ ಮೇಡಂ, ಕೇಳ್ಕೊಳ್ತಿದ್ದೀನಿ" ಅಂತ ಎದ್ದು ಬನ್ನಿ. ಆ ದಿನ ಗೆಲ್ಲುವುದು ಮುಖ್ಯವಲ್ಲ, ಹೇಳಿದಿರಿ ಅನ್ನುವುದು ಮುಖ್ಯ.

ಏನಾದರೂ ಕೇಳಲು ಹೋದರೆ "ಇಷ್ಟೂ ಗೊತ್ತಿಲ್ವಾ" ಅಂತಾರೆ. ಕೇಳದೇ ಮಾಡಿಬಿಡಲೇ?

ಬೇಡ. ಈ ಪುಟದಲ್ಲಿ ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ.

ನನ್ನ ಐದನೇ ತಿಂಗಳು, ನೈಟ್ ಡ್ಯೂಟಿ. ಕೇಸ್ ಶೀಟ್‌ನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಒಂದು ಆಂಪುಲ್ ಅಂತ ಆರ್ಡರ್ ಇತ್ತು. ಎಷ್ಟರಲ್ಲಿ ಬೆರೆಸಬೇಕು, ಎಷ್ಟು ಹೊತ್ತಿನಲ್ಲಿ ಹೋಗಬೇಕು ಅಂತ ಬರೆದಿರಲಿಲ್ಲ. ನಮ್ಮಲ್ಲಿ ಸಿಗುವ 10 ಎಂಎಲ್ ಆಂಪುಲ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ (ಪೊಟ್ಯಾಸಿಯಂ ಅಳೆಯುವ ಮಾನ) ಇರುತ್ತದೆ. ಅದನ್ನು ಬೆರೆಸದೆ ನೇರ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗಬಹುದು. ಕಾಲೇಜಿನಲ್ಲಿ ಓದಿದ್ದೆ. ಆದರೆ ರಾತ್ರಿ ಎರಡೂವರೆಗೆ ಓದಿದ್ದೆಲ್ಲ ಮಂಜು ಮಂಜು. ಹಿಂದಿನ ದಿನವಷ್ಟೇ ಇನ್‌ಚಾರ್ಜ್ ನನಗೆ "ಇನ್ನೊಂದು ಸಲ ಪ್ರಶ್ನೆ ಕೇಳಿದರೆ ಕಾಲೇಜಿಗೆ ವಾಪಸ್ ಕಳಿಸ್ತೀನಿ" ಅಂದಿದ್ದರು. ಟ್ರೇ ಮುಂದೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ರಾತ್ರಿಯ ಸೀನಿಯರ್ ಇನ್‌ಚಾರ್ಜ್‌ಗೇ ಆಪ್ತರು. ಅವರನ್ನು ಕೇಳಿದರೆ ಬೆಳಿಗ್ಗೆ ಸುದ್ದಿ ಹೋಗುತ್ತದೆ ಅನ್ನುವ ಭಯ. ಕೊನೆಗೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ನಿದ್ದೆಗಣ್ಣಲ್ಲೇ ಬಂದು ಎಷ್ಟರಲ್ಲಿ ಬೆರೆಸಬೇಕು, ಎಷ್ಟು ನಿಧಾನ ಬಿಡಬೇಕು ಎಂದು ಬರೆದುಕೊಟ್ಟು ಹೋದರು. ರೋಗಿಗೆ ಏನೂ ಆಗಲಿಲ್ಲ. ನನಗೆ ಬೆಳಿಗ್ಗೆವರೆಗೂ ಕೈ ನಡುಗುತ್ತಿತ್ತು.

ಬೈಗುಳದ ನಿಜವಾದ ಕೇಡು ಇದು. ನಮ್ಮ ಮನಸ್ಸು ನೋಯುವುದು ಒಂದು ಕಡೆ ಇರಲಿ, ನಾವು ಕೇಳುವುದನ್ನು ನಿಲ್ಲಿಸುತ್ತೇವೆ. ಆಗ ಬೆಲೆ ತೆರುವುದು ಬೆಡ್ ಮೇಲೆ ಮಲಗಿರುವವರು.

ಹಾಗಾದರೆ ಕೇಳುವುದು ಹೇಗೆ? ಒಂದು, ಅರ್ಧ ಉತ್ತರ ನೀವೇ ಹೇಳಿ ಕೇಳಿ. "ಇದನ್ನು ಹೇಗೆ ಕೊಡೋದು?" ಅನ್ನುವ ಬದಲು "ಮೇಡಂ, ಇದನ್ನು ಬೆರೆಸಿ ನಿಧಾನ ಬಿಡಬೇಕು ಅಂತ ಗೊತ್ತು, ಎಷ್ಟರಲ್ಲಿ ಅಂತ ಆರ್ಡರ್‌ನಲ್ಲಿ ಇಲ್ಲ." ಎರಡು, ಡಾಕ್ಟರಿಗೆ ಫೋನ್ ಮಾಡುವಾಗ ಎಸ್‌ಬಿಎಆರ್ ಕ್ರಮ ಹಿಡಿಯಿರಿ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನು ಕಾಣುತ್ತಿದೆ, ಏನು ಬೇಕು. ಇದು ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ. ಅಲ್ಲೂ ಕಿರಿಯರು ಹಿರಿಯರಿಗೆ ಹೆದರದೆ ಸುದ್ದಿ ಮುಟ್ಟಿಸಬೇಕಲ್ಲ! ಮೂರು, ಇನ್‌ಚಾರ್ಜ್ ಒಬ್ಬರೇ ಬಾಗಿಲಲ್ಲ. ಡ್ಯೂಟಿ ಡಾಕ್ಟರ್, ಫಾರ್ಮಸಿಯವರು, ನರ್ಸಿಂಗ್ ಎಜುಕೇಟರ್, ಪಕ್ಕದ ವಾರ್ಡಿನ ಸೀನಿಯರ್, ಔಷಧಿ ಪೆಟ್ಟಿಗೆಯೊಳಗಿನ ಚೀಟಿ ಎಲ್ಲ ಇವೆ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂನಂಥ ಅಪಾಯದ ಔಷಧಿಗಳಿಗೆ ಇಬ್ಬರು ನರ್ಸ್ ನೋಡಬೇಕು ಅನ್ನುವ ನಿಯಮ ಬಹಳಷ್ಟು ಆಸ್ಪತ್ರೆಗಳಲ್ಲಿದೆ. ಅದನ್ನೇ ಹಿಡಿದುಕೊಂಡು "ಡಬಲ್ ಚೆಕ್‌ಗೆ ಬನ್ನಿ ಸಿಸ್ಟರ್" ಅನ್ನಿ. ಪ್ರಶ್ನೆ ಕೇಳಿದ ಹಾಗೂ ಆಗುವುದಿಲ್ಲ, ಕೆಲಸವೂ ಆಗುತ್ತದೆ.

ಆರ್ಡರ್ ಇಲ್ಲದೆ ಕೊಡು, ಮಾಡದ್ದಕ್ಕೆ ಸಹಿ ಹಾಕು ಅಂತಾರೆ.

ಹಾಕಬೇಡಿ. ನಾಳೆ ಕೇಸ್ ಆದರೆ ಓದುವುದು ಸಹಿಯನ್ನು. ಯಾರು ಹೇಳಿ ಹಾಕಿಸಿದರು ಅನ್ನುವುದು ಎಲ್ಲೂ ಬರೆದಿರುವುದಿಲ್ಲ.

"ಮೇಡಂ, ನಾನು ಕೊಟ್ಟಿಲ್ಲ, ಹಾಗಾಗಿ ಸಹಿ ಹಾಕೋಕೆ ಆಗಲ್ಲ" ಅಂತ ಮೆಲ್ಲಗೆ ಹೇಳಿ. ಬರೆಯಲು ಮರೆತದ್ದಿದ್ದರೆ ಅದಕ್ಕೆ ದಾರಿ ಇದೆ: ಈಗಿನ ಸಮಯ ಹಾಕಿ "ಲೇಟ್ ಎಂಟ್ರಿ" ಅಂತ ಬರೆದು, ಕೆಲಸ ನಡೆದ ಸಮಯ ನಮೂದಿಸುವುದು. ಹಿಂದಿನ ಸಾಲಿನಲ್ಲಿ ತುರುಕುವುದಲ್ಲ, ವೈಟ್ನರ್ ಹಚ್ಚುವುದಂತೂ ಅಲ್ಲವೇ ಅಲ್ಲ. ಫೆಂಟನಿಲ್, ಮಾರ್ಫಿನ್ ರಿಜಿಸ್ಟರ್ ಇದ್ದರೆ ಇನ್ನೂ ಹುಷಾರು. ಅವು ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಅಡಿ ಬರುವ ಔಷಧಿಗಳು. ನಿಮ್ಮ ಕಣ್ಣ ಮುಂದೆ ಉಳಿಕೆ ಚೆಲ್ಲದಿದ್ದರೆ ಸಾಕ್ಷಿ ಎಂದು ಸಹಿ ಹಾಕಬೇಡಿ.

ಫೋನಿನಲ್ಲಿ ಡಾಕ್ಟರು ಹೇಳಿದ ಆರ್ಡರ್ ಆದರೆ ಬರೆದುಕೊಂಡು, ಅವರಿಗೇ ಓದಿ ಹೇಳಿ, ಸಮಯ ಹಾಕಿ. ಆಮೇಲೆ ಅವರ ಸಹಿ ತೆಗೆದುಕೊಳ್ಳಿ.

ಹ್ಯಾಂಡೋವರ್ ನನಗೆ ಬಾರದ ಭಾಷೆಯಲ್ಲಿ ನಡೆಯುತ್ತದೆ.

ಬೆಂಗಳೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದು ಆಗಾಗ ಕೇಳುವ ದೂರು. ಸೀನಿಯರ್‌ಗಳು ಒಂದೇ ಊರಿನವರಾದರೆ ಅವರದೇ ಭಾಷೆ ಶುರುವಾಗುತ್ತದೆ. ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ನಾವೂ ಇಬ್ಬರು ಹಾಸನದವರು ಸಿಕ್ಕರೆ ಏನು ಮಾಡುತ್ತೇವೆ ಹೇಳಿ! ಇದನ್ನು ಭಾಷೆಯ ಜಗಳ ಮಾಡಬೇಡಿ. "ಸಿಸ್ಟರ್, ನಾಲ್ಕನೇ ಬೆಡ್‌ದು ನನಗೆ ಅರ್ಥ ಆಗಲಿಲ್ಲ, ಇಂಗ್ಲಿಷಿನಲ್ಲಿ ಹೇಳಿ, ನಾನೇ ತಾನೇ ನೋಡಿಕೊಳ್ಳಬೇಕು" ಅನ್ನಿ. ಅರ್ಥವಾಗುವವರೆಗೆ ಹ್ಯಾಂಡೋವರ್ ತೆಗೆದುಕೊಂಡೆ ಅಂತ ಸಹಿ ಬೇಡ. ನನಗೆ ಮಲಯಾಳಂ ಬಂದದ್ದು ಹೀಗೆಯೇ, ಕೇಳಿ ಕೇಳಿ. ಅವರಲ್ಲಿ ಇಬ್ಬರು ಕನ್ನಡ ಕಲಿತರು. ಒಬ್ಬರು ಈಗಲೂ ಓಣಂಗೆ ಪಾಯಸ ಕಳಿಸುತ್ತಾರೆ.

ರೋಸ್ಟರ್‌ನಲ್ಲಿ ಸೇಡು ತೀರಿಸುತ್ತಿದ್ದಾರೆ ಅನಿಸುತ್ತದೆ.

ಅನಿಸಿದರೆ ಸಾಲದು, ಎಣಿಸಿ. ಮೂರು ತಿಂಗಳ ರೋಸ್ಟರ್ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲರ ನೈಟ್ ಎಷ್ಟು, ನಿಮ್ಮದೆಷ್ಟು, ವೀಕ್ಲಿ ಆಫ್ ಎಷ್ಟು ರದ್ದಾಯಿತು, ಹಬ್ಬದ ರಜೆ ಯಾರಿಗೆ ಸಿಕ್ಕಿತು ಅಂತ ಲೆಕ್ಕ ಹಾಕಿ. ಕೆಲವು ಸಲ ಲೆಕ್ಕ ಹಾಕಿದರೆ ಎಲ್ಲರಿಗೂ ಅಷ್ಟೇ ಇರುತ್ತದೆ! ಇಲ್ಲದಿದ್ದರೆ ಆ ಚೀಟಿ ಹಿಡಿದು ಹೋಗಿ, "ಮೇಡಂ, ಈ ಮೂರು ತಿಂಗಳಲ್ಲಿ ನನಗೆ 34 ನೈಟ್, ಉಳಿದವರಿಗೆ 20ರ ಆಸುಪಾಸು. ಮುಂದಿನ ತಿಂಗಳು ಸ್ವಲ್ಪ ಸರಿ ಮಾಡ್ತೀರಾ?" ಅಂತ ಕೇಳಿ. ಅಂಕಿ ಇಟ್ಟು ಕೇಳಿದ ಪ್ರಶ್ನೆಗೆ ಬೈದು ಉತ್ತರ ಕೊಡುವುದು ಕಷ್ಟ.

ವಾರ್ಡಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಹೆಸರು ಹಾಕಿ ಬೈತಾರೆ.

ಗ್ರೂಪಿನಲ್ಲಿ ಉತ್ತರ ಕೊಡಬೇಡಿ. ಸ್ಕ್ರೀನ್‌ಶಾಟ್ ತೆಗೆದಿಡಿ. ಮಾರನೆಯ ದಿನ ಮುಖಾಮುಖಿ ಮಾತಾಡಿ. ಒಂದು ಲೆಕ್ಕದಲ್ಲಿ ಇದು ನಿಮಗೇ ಒಳ್ಳೆಯದು, ಬಾಯಿಮಾತಿನ ಬೈಗುಳಕ್ಕೆ ಇಲ್ಲದ ಪುರಾವೆ ಇದಕ್ಕಿದೆ.

ಏನು ಬರೆದಿಟ್ಟುಕೊಳ್ಳಬೇಕು? ರೆಕಾರ್ಡ್ ಮಾಡಬಹುದಾ?

ಒಂದು ಚಿಕ್ಕ ಡೈರಿ ಸಾಕು. ತಾರೀಕು, ಹೊತ್ತು, ಜಾಗ, ಆಡಿದ ಮಾತು ಇದ್ದ ಹಾಗೇ, ಯಾರು ಇದ್ದರು, ಕೆಲಸಕ್ಕೆ ಏನು ತೊಂದರೆಯಾಯಿತು. ಅದೇ ದಿನ ಬರೆಯಿರಿ. "ತುಂಬಾ ಕೆಟ್ಟದಾಗಿ ಬೈದರು" ಅಂತ ಬರೆದರೆ ಏನೂ ಬರೆದ ಹಾಗಲ್ಲ. ಏನಂದರು? ಅದು ಬೇಕು. ನೀವು ತಪ್ಪು ಮಾಡಿದ್ದರೆ ಅದನ್ನೂ ಬರೆಯಿರಿ. ನಿಮ್ಮ ತಪ್ಪು ಮುಚ್ಚಿಟ್ಟ ಡೈರಿಯನ್ನು ಯಾರೂ ನಂಬುವುದಿಲ್ಲ. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್ ಬೇಡ.

ಈ ಜಗಳವನ್ನು ನರ್ಸಸ್ ನೋಟ್ಸ್‌ನಲ್ಲಿ ಬರೆಯುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಅದು ರೋಗಿಯ ದಾಖಲೆ, ಕೋರ್ಟಿಗೂ ಹೋಗಬಹುದು. ಔಷಧಿ ತಪ್ಪಿದ್ದು, ರೋಗಿ ಬಿದ್ದದ್ದು ಇತ್ಯಾದಿಗೆ ಇನ್ಸಿಡೆಂಟ್ ರಿಪೋರ್ಟ್ ಬೇರೆ ಇದೆ, ಅದನ್ನು ತುಂಬಿ.

ರೆಕಾರ್ಡಿಂಗ್‌ಗೆ ನಾನು ಹೋಗಬೇಡಿ ಅನ್ನುತ್ತೇನೆ. ವಾರ್ಡಿನಲ್ಲಿ ಫೋನ್ ಆನ್ ಮಾಡಿದರೆ ರೋಗಿಗಳ ಮಾತೂ ಅದರಲ್ಲಿ ಬರುತ್ತದೆ. ಆಗ ಇನ್‌ಚಾರ್ಜ್ ತಪ್ಪು ಹಿಂದಕ್ಕೆ ಸರಿದು ನಿಮ್ಮ ತಪ್ಪಿನ ವಿಚಾರಣೆ ಶುರುವಾಗುತ್ತದೆ.

ಯಾರಿಗೆ ದೂರು ಕೊಡಬೇಕು?

ಖಾಸಗಿ ಆಸ್ಪತ್ರೆಯಲ್ಲಿ ಇನ್‌ಚಾರ್ಜ್ ಮೇಲೆ ಸೂಪರ್‌ವೈಸರ್ ಅಥವಾ ಅಸಿಸ್ಟೆಂಟ್ ನರ್ಸಿಂಗ್ ಸೂಪರಿಂಟೆಂಡೆಂಟ್, ಅವರ ಮೇಲೆ ಎನ್‌ಎಸ್ (ನರ್ಸಿಂಗ್ ಸೂಪರಿಂಟೆಂಡೆಂಟ್) ಅಥವಾ ಚೀಫ್ ನರ್ಸಿಂಗ್ ಆಫೀಸರ್, ಪಕ್ಕದಲ್ಲಿ ಎಚ್‌ಆರ್. ಎನ್‌ಎಬಿಎಚ್ ಮಾನ್ಯತೆ ಇರುವ ಆಸ್ಪತ್ರೆಯಾದರೆ ಸಿಬ್ಬಂದಿಯ ಕುಂದುಕೊರತೆ ಕೇಳುವ ಲಿಖಿತ ವ್ಯವಸ್ಥೆ ಇರಲೇಬೇಕು. ಸೇರಿದಾಗ ಕೊಟ್ಟ ಕೈಪಿಡಿಯಲ್ಲಿ ಹುಡುಕಿ. ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿಗಳು ಮೊದಲು ನರ್ಸಿಂಗ್ ಸೂಪರಿಂಟೆಂಡೆಂಟ್, ಆಮೇಲೆ ಜಿಲ್ಲಾಸ್ಪತ್ರೆಯಾದರೆ ಜಿಲ್ಲಾ ಶಸ್ತ್ರಚಿಕಿತ್ಸಕರ ಹತ್ತಿರ ಹೋಗುತ್ತಾರೆ.

ಒಂದು ಪುಟದ ಪತ್ರ ಸಾಕು. ಎರಡು ಮೂರು ಘಟನೆ, ತಾರೀಕು, ನೀವು ನೇರವಾಗಿ ಮಾತಾಡಿದ ದಿನ, ನಿಮಗೆ ಏನು ಬೇಕು. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ವಾರ್ಡ್ ಬದಲಾವಣೆ ಬೇಕಾ? ಎಲ್ಲರೆದುರು ಬೈಯಬಾರದು ಅಂತ ಹೇಳಬೇಕಾ? ಹೇಳಿ. ಪತ್ರದ ಪ್ರತಿಯ ಮೇಲೆ "ಸ್ವೀಕರಿಸಿದೆ" ಅಂತ ಸಹಿ ಹಾಕಿಸಿಕೊಳ್ಳಿ. ಕೊಡದಿದ್ದರೆ ಇಮೇಲ್ ಮಾಡಿ.

ಇಬ್ಬರು ಮೂವರು ಸೇರಿ ಹೋದರೆ ತೂಕ ಜಾಸ್ತಿ. ಆದರೆ ಕ್ಯಾಂಟೀನಿನಲ್ಲಿ "ನಾವೂ ಬರ್ತೀವಿ" ಅಂದವರೆಲ್ಲ ಬಾಗಿಲವರೆಗೆ ಬರುವುದಿಲ್ಲ. ನನ್ನ ಜೊತೆ ನಾಲ್ವರು ಹೊರಟಿದ್ದರು. ಒಳಗೆ ಹೋದವಳು ನಾನೊಬ್ಬಳೇ.

ಮೈ ಮುಟ್ಟುವುದು, ಅಸಹ್ಯ ಮಾತು, ಜಾತಿ ಎತ್ತಿ ಬೈಯುವುದು?

ಇಲ್ಲಿ ಮೇಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಬೇಕಿಲ್ಲ. ಇದಕ್ಕೆ ಕಾನೂನೇ ಇದೆ.

ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ, ಎಲ್ಲರೂ ಪಾಶ್ ಅನ್ನುವುದು ಅದನ್ನೇ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷತೆ ಮಹಿಳೆಯದೇ. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಪ್ರೊಬೇಷನ್, ಟ್ರೈನಿ, ಗುತ್ತಿಗೆ ಎಲ್ಲರಿಗೂ ಅನ್ವಯ. ಸಣ್ಣ ನರ್ಸಿಂಗ್ ಹೋಂನಲ್ಲಿ ಸಮಿತಿ ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು.

ಪರಿಶಿಷ್ಟ ಜಾತಿ, ಪಂಗಡದವರನ್ನು ಜನರೆದುರು ಜಾತಿ ಹಿಡಿದು ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅದಕ್ಕೆ 14566 ಸಹಾಯವಾಣಿ ಇದೆ. ಕೈ ಎತ್ತಿದರೆ 112.

"ನಿನ್ನ ರಿಜಿಸ್ಟ್ರೇಷನ್ ತೆಗೆಸಿಬಿಡ್ತೀನಿ" ಅಂತಾರೆ. ತೆಗೆಸಬಹುದಾ?

ಇಲ್ಲ. ನೋಂದಣಿ ಕೊಡುವುದು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು. ಅದು ಸ್ಥಾಪನೆಯಾದದ್ದು 1961ರ ರಾಜ್ಯ ಕಾಯ್ದೆಯ ಅಡಿ. ಇನ್‌ಚಾರ್ಜ್ ಅಲ್ಲ, ಆಸ್ಪತ್ರೆ ಮಾಲೀಕರೂ ಸುಮ್ನೆ ಹೇಳಿ ತೆಗೆಸಲಾಗುವುದಿಲ್ಲ. ನಿಮ್ಮ ಮಾತನ್ನೂ ಕೇಳಿಯೇ ತೀರ್ಮಾನವಾಗಬೇಕು. ನವೀಕರಣದ ತಾರೀಕು ಮಾತ್ರ ನೀವು ಮರೆಯಬೇಡಿ.

ಇಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಹಣ ಕಟ್ಟಬೇಕು ಅಂತ ಬಾಂಡ್ ಇದೆ, ಒರಿಜಿನಲ್ ಸರ್ಟಿಫಿಕೇಟ್ ಅವರ ಹತ್ತಿರ ಇದೆ. ಸಿಕ್ಕಿಹಾಕಿಕೊಂಡೆನಲ್ಲಾ?

ನಮ್ಮಲ್ಲಿ ಎಷ್ಟೋ ಜನ ಬೈಗುಳ ಸಹಿಸುವುದಕ್ಕೆ ಇದೇ ಕಾರಣ. ಅಂಕಪಟ್ಟಿ, ನೋಂದಣಿ ಪತ್ರ ನಿಮ್ಮ ಸ್ವತ್ತು. ತೋರಿಸಿ, ಪ್ರತಿ ಕೊಟ್ಟು, ವಾಪಸ್ ತನ್ನಿ. ಈಗಾಗಲೇ ಕೊಟ್ಟಿದ್ದರೆ ವಾಪಸ್ ಕೊಡಿ ಎಂದು ಪತ್ರ ಬರೆದು ಸ್ವೀಕೃತಿ ತೆಗೆದುಕೊಳ್ಳಿ.

ಬಾಂಡ್ ವಿಷಯದಲ್ಲಿ ಎರಡು ಕಡೆಯೂ ಅತಿ ಮಾತು ಕೇಳಿಬರುತ್ತದೆ. "ಬಾಂಡ್‌ಗೆ ಬೆಲೆಯೇ ಇಲ್ಲ" ಅನ್ನುವುದೂ ತಪ್ಪು, "ಪೂರ್ತಿ ಎರಡು ಲಕ್ಷ ಕಟ್ಟಲೇಬೇಕು" ಅನ್ನುವುದೂ ತಪ್ಪು. ಒಪ್ಪಂದ ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತವೇ ಕೊನೆಯಲ್ಲ, ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು. ದೊಡ್ಡ ಮೊತ್ತ ಇದ್ದರೆ ಬಾಂಡ್ ಪ್ರತಿ ಹಿಡಿದು ಒಬ್ಬ ವಕೀಲರನ್ನು ಅರ್ಧ ಗಂಟೆ ಭೇಟಿಯಾಗಿ. ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ.

ಹಣದ ಮಾತು ಬಂದದ್ದರಿಂದ ಸಂಬಳದ ಬಗ್ಗೆ ಒಂದು ಅಡ್ಡಮಾತು. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ನೇಮಕವಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತ್ತು. 200ಕ್ಕಿಂತ ಹೆಚ್ಚು ಹಾಸಿಗೆಯ ಕಡೆ ಸರ್ಕಾರಿ ನರ್ಸ್‌ಗೆ ಸಮ. ಅದು ಶಿಫಾರಸು. ನಿಮ್ಮ ಪೇ ಸ್ಲಿಪ್ ನೋಡಿದರೆ ಎಷ್ಟು ಜಾರಿಯಾಗಿದೆ ಅಂತ ಗೊತ್ತಾಗುತ್ತದೆ.

ನಾನು ಬ್ರದರ್, ಅಂದರೆ ಗಂಡು ನರ್ಸ್. ಹುಡುಗನಾಗಿ ಅಳೋದಾ ಅಂತ ನಗುತ್ತಾರೆ.

ಭಾರ ಎತ್ತಲು, ಗಲಾಟೆ ಮಾಡುವ ರೋಗಿಯನ್ನು ಹಿಡಿಯಲು ಮಾತ್ರ ಬ್ರದರ್ ಬೇಕು, ಉಳಿದ ಹೊತ್ತು "ನಿನಗೇನು ಗೊತ್ತು" ಅನ್ನುವುದು. ನೋಡಿದ್ದೇನೆ. ಬರೆದಿಡುವುದು, ಮಾತಾಡುವುದು, ದೂರು ಕೊಡುವುದು ನಿಮಗೂ ಅದೇ. ಪಾಶ್ ಕಾಯ್ದೆ ಮಾತ್ರ ಮಹಿಳೆಯರ ದೂರಿಗೆ. ನೀವು ಎಚ್‌ಆರ್ ಮೂಲಕ ಹೋಗಬೇಕು.

ಮನೆಯಲ್ಲಿ ಹೇಳಿದರೆ "ಸಹಿಸಿಕೋ" ಅಂತಾರೆ. ನಿದ್ದೆಯೇ ಬರುತ್ತಿಲ್ಲ.

ಸಾಲ ಮಾಡಿ ಓದಿಸಿದವರಿಗೆ ಕೆಲಸ ಹೋದರೆ ಅನ್ನುವ ಭಯ, ಅದಕ್ಕೆ ಹಾಗೆ ಹೇಳುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ. ಆದರೆ ಡ್ಯೂಟಿ ಹಿಂದಿನ ರಾತ್ರಿ ಹೊಟ್ಟೆ ತೊಳಸುವುದು, ಬಸ್ಸಿನಲ್ಲೇ ಎದೆ ಬಡಿದುಕೊಳ್ಳುವುದು, ಸಾಯಬೇಕು ಅನಿಸುವುದು ಇದ್ದರೆ ಅದು ಸಹಿಸುವ ವಿಷಯವಲ್ಲ. ಟೆಲಿಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ರೋಗಿಗಳಿಗೆ ನಾವೇ ಈ ನಂಬರ್ ಕೊಡುತ್ತೇವೆ, ನಾವು ಮಾತ್ರ ಮಾಡುವುದಿಲ್ಲ.

ಕೆಲಸ ಬಿಡುವುದೇ ವಾಸಿ ಅನಿಸುತ್ತದೆ. ಯಾವಾಗ ಬಿಡಬೇಕು, ಹೇಗೆ?

ಮೊದಲು ವಾರ್ಡ್ ಬದಲಾವಣೆ ಕೇಳಿ. ಒಂದೇ ಆಸ್ಪತ್ರೆಯ ಮೂರನೇ ಮಹಡಿ ನರಕ, ಐದನೇ ಮಹಡಿ ಸ್ವರ್ಗ ಇರಬಹುದು. ನನಗೆ ಆದದ್ದು ಅದೇ. ಡಯಾಲಿಸಿಸ್‌ಗೆ ಹಾಕಿದರು. ಅಲ್ಲಿನ ಇನ್‌ಚಾರ್ಜ್ ಮೊದಲ ದಿನ ನನ್ನ ಹೆಸರು ಕೇಳಿದರು. ಅಷ್ಟಕ್ಕೇ ಕಣ್ಣು ತುಂಬಿತ್ತು.

ಬದಲಾವಣೆ ಸಿಗಲಿಲ್ಲ, ದೂರಿಗೆ ಉತ್ತರ ಬರಲಿಲ್ಲ, ಸುಳ್ಳು ದಾಖಲೆ ಬರೆಯಲು ಒತ್ತಾಯ ನಿಂತಿಲ್ಲ ಅಂದರೆ ಬಿಡಿ. ಸಿಟ್ಟಿನಲ್ಲಿ ಮಧ್ಯ ಶಿಫ್ಟ್‌ನಲ್ಲಿ ಎದ್ದು ಹೋಗಬೇಡಿ. ರೋಗಿಗಳನ್ನು ಬಿಟ್ಟು ಹೋದಳು ಅನ್ನುವುದೊಂದೇ ಉಳಿಯುತ್ತದೆ. ನೇಮಕಾತಿ ಪತ್ರದಲ್ಲಿರುವ ನೋಟಿಸ್ ಅವಧಿ ಕೊಡಿ. ರಾಜೀನಾಮೆಯಲ್ಲಿ ದೂರು ಬರೆಯಬೇಡಿ, ದೂರಿನ ಪತ್ರ ಬೇರೆ ಇದೆಯಲ್ಲ. ಗಲ್ಫ್‌ಗೆ ಹೋಗುವ ಯೋಚನೆ ಇದ್ದರೆ ಇನ್ನೂ ನಿಧಾನ. ಅಲ್ಲಿ ಸಾಮಾನ್ಯವಾಗಿ ಕೆಲಸದ ಅನುಭವ ಕೇಳುತ್ತಾರೆ. ದಾಖಲೆಗಳನ್ನು ಪರಿಶೀಲಿಸುವ ಡೇಟಾಫ್ಲೋ ಕಂಪನಿಯವರು ನಿಮ್ಮ ಅನುಭವ ಪತ್ರ ನಿಜವೇ ಅಂತ ಇದೇ ಆಸ್ಪತ್ರೆಯ ಎಚ್‌ಆರ್‌ಗೆ ಬರೆದು ಕೇಳುತ್ತಾರೆ.

ಹೊರಡುವ ದಿನ ತೆಗೆದುಕೊಳ್ಳಬೇಕಾದದ್ದು: ರಿಲೀವಿಂಗ್ ಲೆಟರ್, ಸೇರಿದ ಮತ್ತು ಬಿಟ್ಟ ತಾರೀಕು, ವಾರ್ಡಿನ ಹೆಸರು, ಹುದ್ದೆ ಇರುವ ಅನುಭವ ಪತ್ರ, ಕೊನೆಯ ಮೂರು ಪೇ ಸ್ಲಿಪ್, ಪಿಎಫ್‌ನ ಯುಎಎನ್ ನಂಬರ್, ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್) ತರಬೇತಿಯ ಸರ್ಟಿಫಿಕೇಟ್. ಅನುಭವ ಪತ್ರದಲ್ಲಿ ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟ್‌ನಲ್ಲಿರುವ ಹಾಗೇ ಇದೆಯಾ ಅಂತ ಎಚ್‌ಆರ್ ಕೌಂಟರ್ ಬಿಡುವ ಮುಂಚೆ ಓದಿ. ಲಾಕರ್ ಒಮ್ಮೆ ನೋಡಿ. ನಾನು ಸ್ಟೀಲ್ ಡಬ್ಬಿ ಬಿಟ್ಟು ಬಂದಿದ್ದೆ. ಮಾರನೇ ವಾರ ಹಳೆಯ ವಾರ್ಡಿನ ಆಯಾ ಅಮ್ಮ ಅದನ್ನು ತೊಳೆದು, ಒಳಗೆ ಎರಡು ಒಬ್ಬಟ್ಟು ಇಟ್ಟು ಕಳಿಸಿದ್ದರು.